ಕರಿಕಲ್ಲಿನ ಪದರ, ಪ್ಲಾಟಿನಮ್ಮಿನ ಪದರ

ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಬಾವಿ ತೋಡಿದವರು ಕಂಡ ನೋಟವೊಂದುಂಟು. ಮೇಲೆ ಎರೆಮಣ್ಣು, ಅದರಡಿ ಗರಸು, ಅದರ ಕೆಳಗೆ ಕರಿಕಲ್ಲು. ಆ ಕಲ್ಲಿನಲ್ಲಿಯೂ ಒಂದರ ಮೇಲೊಂದು ಪದರ. ಪದರಗೊಂಡ ಅಗ್ನಿಶಿಲೆಗಳಲ್ಲಿ ಪ್ಲಾಟಿನಮ್ ದೊರೆಯುವುದೆಂದು ಓದಿದ ವಿದ್ಯಾರ್ಥಿಯೊಬ್ಬನು, “ಹಂಗಾದರ ನಮ್ಮ ಬಾವ್ಯಾಗೂ ಇರಬೇಕಲ್ಲರೀ ಸರ?” ಎಂದು ನನ್ನನ್ನು ಕೇಳಿದನು. ನಕ್ಕು ಬಿಡುವ ಪ್ರಶ್ನೆಯಲ್ಲ ಅದು. ಒಂದೇ ಶಬ್ದ ಇಲ್ಲಿ ಎರಡು ಅರ್ಥಗಳನ್ನು ಹೊತ್ತಿದೆ. ಅವನ್ನು ಬಿಡಿಸಿ ತೋರಿಸುವುದು ಭಾಷೆಯ ಅಧ್ಯಾಪಕನ ಕೆಲಸವೂ ಅಹುದು.

ನಮ್ಮ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಶಿಲಾರಸ. ಒಂದು ಹರಿವು ಆರಿದ ಮೇಲೆ ಮತ್ತೊಂದು ಹರಿಯಿತು, ಪದರವಾಯಿತು. ಗಾಳಿಗೆ ತೆರೆದ ರಸ ಬೇಗನೆ ಹೆಪ್ಪುಗಟ್ಟಿತು. ಒಳಗಿನ ಧಾತುಗಳಿಗೆ ಬೇರ್ಪಟ್ಟು ಒಂದೆಡೆ ಕೂಡಲು ಬಿಡುವು ದೊರೆಯಲಿಲ್ಲ. ಮುದ್ದೇಬಿಹಾಳದ ದಕ್ಷಿಣಕ್ಕೆ ಈ ಹೊದಿಕೆ ಮುಗಿದು, ಬಹು ಪುರಾತನವಾದ ಗ್ರಾನೈಟ್ ಜಾತಿಯ ಶಿಲೆಗಳು ತಲೆದೋರುತ್ತವೆ. ಅವೂ ಪ್ಲಾಟಿನಮ್ಮಿನ ತವರಲ್ಲ.

ಆ ತವರಿನಲ್ಲಿ ಶಿಲಾರಸವು ಮೇಲಕ್ಕೆ ಬಾರದೆ ಭೂಗರ್ಭದಲ್ಲಿಯೇ ನೆಲಸಿ, ಸಹಸ್ರಾರು ವರ್ಷ ಮೆಲ್ಲಗೆ ಆರುತ್ತದೆ. ಮೊದಲು ಮೂಡಿದ ಆಲಿವೀನ್, ಕ್ರೋಮೈಟ್ ಮೊದಲಾದ ಭಾರದ ಹರಳುಗಳು ತಳದಲ್ಲಿ ಹಾಸಾಗುತ್ತವೆ. ಹೊಸ ರಸ ಬಂದು ಬೆರೆತಾಗ, ಇಲ್ಲವೆ ಸುತ್ತಲಿನ ಬಂಡೆ ಕರಗಿ ಕೂಡಿದಾಗ, ಗಂಧಕವು ಕಬ್ಬಿಣ, ನಿಕ್ಕಲ್, ತಾಮ್ರಗಳೊಡನೆ ಸೇರಿ, ನೀರಿನಲ್ಲಿ ಎಣ್ಣೆ ಬೇರಾಗುವಂತೆ, ಹನಿಹನಿಯಾಗಿ ಬೇರ್ಪಡಬಹುದು. ಪ್ಲಾಟಿನಮ್, ಪಲ್ಲೇಡಿಯಮ್, ರೋಡಿಯಮ್, ರುಥೇನಿಯಮ್, ಇರಿಡಿಯಮ್, ಆಸ್ಮಿಯಮ್ ಎಂಬ ಆರು ಸೋದರ ಲೋಹಗಳಿಗೆ ಈ ಹನಿಗಳ ಮೇಲೆ ಬಲು ಒಲವು. ಹನಿಯು ಎಷ್ಟು ಹೆಚ್ಚು ರಸವನ್ನು ಸೋಂಕುವುದೋ ಅಷ್ಟು ಸಂಪನ್ನವಾಗಿ, ಕೆಳಗಿಳಿದು ತೆಳುವಾದ ಪದರವೊಂದರಲ್ಲಿ ನಿಲ್ಲುವುದು.

ದಕ್ಷಿಣ ಆಫ್ರಿಕದ ಬುಶ್‌ವೆಲ್ಡ್ ಇದಕ್ಕೆ ಮೇಲುಪಂಕ್ತಿ. 200 ಕೋಟಿ ವರ್ಷಗಳಿಗೂ ಹಳೆಯದಾದ ಆ ಶಿಲಾಸಮೂಹದಲ್ಲಿ 1924ರಲ್ಲಿ ಹಾನ್ಸ್ ಮೆರೆನ್‌ಸ್ಕಿ ಎಂಬ ಭೂವಿಜ್ಞಾನಿ ಗುರುತಿಸಿದ ಪದರ ಇಂದಿಗೂ ಅವನ ಹೆಸರಿನಲ್ಲಿದೆ. ಅಲ್ಲಿಯೂ ಒಂದು ಟನ್ ಕಲ್ಲು ಒಡೆದರೆ ದೊರೆಯುವುದು ಕೆಲವೇ ಗ್ರಾಮ್! ನಮ್ಮ ನಾಡಿನಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿ ಬಳಿಯ ಹನುಮಲಾಪುರದ ಪದರಶಿಲೆಗಳಲ್ಲಿ ಈ ಲೋಹಗಳ ಇರವು ಕಂಡುಬಂದಿದೆ.

ಆದುದರಿಂದ ಕರಿಕಲ್ಲನ್ನು ತೋರಿಸಿ ಪ್ಲಾಟಿನಮ್ಮಿನ ಆಸೆ ಹುಟ್ಟಿಸುವವನ ಮಾತಿಗೆ ಯಾರೂ ಹೊಲದ ಕಾಗದಕ್ಕೆ ರುಜು ಹಾಕಬಾರದು. ಅವಸರದಲ್ಲಿ ಆರಿದ ನಮ್ಮ ಕಲ್ಲು ಲೋಹವನ್ನು ಕೂಡಿಡಲಿಲ್ಲ, ನಿಜ. ಆದರೆ ಯುಗಯುಗಗಳ ಮಳೆ ಬಿಸಿಲಿಗೆ ಸವೆದು ಎರೆನೆಲವಾಯಿತು. ಡೋಣಿಯ ದಂಡೆಯ ಬಿಳಿಜೋಳ ಬೆಳೆಯುವುದು ಅದರಲ್ಲಿಯೇ.