ಬೊಗಸೆ ಮರಳಿ ಕೊಟ್ಟ ವೈದ್ಯ

ಝರಾಸಂಗಂ ಕೇತಕಿ ಸಂಗಮೇಶ್ವರನ ಸನ್ನಿಧಿಗೆ ಬರುವ ಯಾತ್ರಿಕರು ಗುಂಡದ ನೀರನ್ನು ಬೊಗಸೆಯಲ್ಲಿ ಎತ್ತಿಕೊಳ್ಳುತ್ತಾರೆ. ಇದಕ್ಕೊಂದು ವಿದ್ಯೆ ಬೇಕೆಂದು ಯಾರಿಗೂ ಅನಿಸುವುದಿಲ್ಲ. ಆದರೆ ಅಂಗೈಯೊಳಗಿನ ಸಣ್ಣ ಸ್ನಾಯುಗಳು ಸೋತವನಿಗೆ ಬೊಗಸೆ ಕೂಡುವುದಿಲ್ಲ. ಬೆರಳುಗಳು ಹದ್ದಿನ ಉಗುರಿನಂತೆ ಮಡಚಿ ನಿಲ್ಲುತ್ತವೆ, ನೀರು ಸಂದಿಯಿಂದ ಸೋರಿಹೋಗುತ್ತದೆ. ರೊಟ್ಟಿ ಮುರಿಯುವುದು, ಗುಂಡಿ ಹಾಕುವುದು, ಕಬ್ಬಿನ ಸಿಪ್ಪೆ ಸುಲಿಯುವುದು ಎಲ್ಲವೂ ಅವನಿಗೆ ಕಷ್ಟ. ಕುಷ್ಠರೋಗ ನರಗಳನ್ನು ಹಾಳುಮಾಡಿದಾಗ ಆಗುವುದು ಇದೇ. ಇಂತಹ ಕೈಗಳಿಗೆ ಬೊಗಸೆಯನ್ನು ಮರಳಿ ಕೊಡಲು ಹೊರಟ ಶಸ್ತ್ರವೈದ್ಯರಲ್ಲಿ ಮೊದಲಿಗರು ಡಾ. ಪಾಲ್ ಬ್ರ್ಯಾಂಡ್.

ಇವರು 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಮಿಷನರಿ ದಂಪತಿಗಳ ಮಗನಾಗಿ ಹುಟ್ಟಿದರು. ಓದಲೆಂದು ಇಂಗ್ಲೆಂಡಿಗೆ ಹೋದ ಬಾಲಕ ವೈದ್ಯನಾಗುವ ಮುನ್ನ ಕೆಲವು ವರ್ಷ ಗಾರೆ, ಬಡಗಿ ಕೆಲಸಗಳನ್ನು ಕಲಿತ. ಆ ವರ್ಷಗಳು ವ್ಯರ್ಥವಾದವೆಂದು ಆಗ ತೋರಿರಬಹುದು. ಹಗ್ಗ, ರಾಟೆ, ಸನ್ನೆಗಳ ಲೆಕ್ಕ ಬಲ್ಲವನಿಗೇ ಕೈಯ ಯಂತ್ರ ತಿಳಿದೀತು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಬೆರಳಿನಲ್ಲಿ ಬೆರಳನ್ನಾಡಿಸುವ ಸ್ನಾಯುವೇ ಇಲ್ಲ. ಮುಂಗೈಯಿಂದಲೂ ಅಂಗೈಯಿಂದಲೂ ಬರುವ ಸ್ನಾಯುರಜ್ಜುಗಳು ಅದನ್ನು ದಾರದಿಂದ ಬೊಂಬೆಯನ್ನಾಡಿಸಿದಂತೆ ಆಡಿಸುತ್ತವೆ.

1946ರಲ್ಲಿ ಬ್ರ್ಯಾಂಡ್ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಮರುವರ್ಷ ಕುಷ್ಠರೋಗ ತಜ್ಞ ಡಾ. ರಾಬರ್ಟ್ ಕಾಕ್ರೇನ್ ಅವರನ್ನು ಕಾಣಲು ಚೆಂಗಲ್ಪಟ್ಟಿನ ಆಶ್ರಯಧಾಮಕ್ಕೆ ಹೋದಾಗ, ಬೆರಳು ಮಡಚಿದ ಒಬ್ಬ ರೋಗಿಗೆ ತಮ್ಮ ಕೈಯನ್ನು ಹಿಡಿದು ಹಿಸುಕಲು ಹೇಳಿದರು. ಹಿಡಿತದ ಬಿಗಿಗೆ ವೈದ್ಯರೇ ನೋವಿನಿಂದ ಕೂಗಿದರು! ಕೈ ಸತ್ತಿಲ್ಲ ಎಂಬುದು ಆ ಕ್ಷಣ ಅವರಿಗೆ ಹೊಳೆಯಿತು. ಅಂಗೈಯ ಸಣ್ಣ ಸ್ನಾಯುಗಳಷ್ಟೇ ಸೋತಿದ್ದವು. ಮುಂಗೈಯ ದೊಡ್ಡ ಸ್ನಾಯುಗಳು ಗಟ್ಟಿಯಾಗಿದ್ದವು. ಹಾಗಾದರೆ ಗಟ್ಟಿಯಾದ ಒಂದರ ರಜ್ಜುವನ್ನು ಬಿಡಿಸಿ ಸೋತದ್ದರ ಜಾಗಕ್ಕೆ ಹೊಲಿಯಬಾರದೇಕೆ?

ಪೋಲಿಯೊ ಪೀಡಿತರಲ್ಲಿ ಇಂತಹ ಶಸ್ತ್ರಕ್ರಿಯೆ ಆಗಲೇ ರೂಢಿಯಲ್ಲಿತ್ತು. ಆದರೆ ಕುಷ್ಠರೋಗಿಯ ಮಾಂಸವೇ ಕೆಟ್ಟದ್ದು, ಅದು ಕೂಡಿಕೊಳ್ಳದು ಎಂಬ ನಂಬಿಕೆ ವೈದ್ಯರಲ್ಲಿಯೂ ಬೇರೂರಿತ್ತು. 1948ರಲ್ಲಿ ಬ್ರ್ಯಾಂಡ್ ಕತ್ತಿ ಹಿಡಿದರು. ಗಾಯ ಎಲ್ಲರ ಗಾಯದಂತೆಯೇ ಮಾಯಿತು. ಮುಂದೆ ಅವರು ರೂಪಿಸಿದ ಒಂದು ವಿಧಾನದಲ್ಲಿ ಮಣಿಕಟ್ಟನ್ನು ಎತ್ತುವ ಸ್ನಾಯುವಿಗೆ ಕಾಲಿನಿಂದ ತೆಗೆದ ಸಣ್ಣ ರಜ್ಜುವನ್ನು ಜೋಡಿಸಿ, ಅದನ್ನು ನಾಲ್ಕು ಎಳೆಯಾಗಿ ಸೀಳಿ ನಾಲ್ಕು ಬೆರಳಿಗೂ ಹೊಲಿಯಲಾಗುತ್ತದೆ. ಎಳೆ ಬಿಗಿಯಾದರೆ ಬೆರಳು ಮಡಚದು. ಸಡಿಲವಾದರೆ ವಕ್ರತೆ ಹೋಗದು. ಕೆಲವು ವಾರ ಪಟ್ಟು ಕಟ್ಟಿ ಬಿಚ್ಚಿದ ಮೇಲೆ ಇನ್ನೊಂದು ಕಷ್ಟ ಎದುರಾಗುತ್ತದೆ. ನಿನ್ನೆಯವರೆಗೆ ಮಣಿಕಟ್ಟನ್ನು ಎತ್ತುತ್ತಿದ್ದ ಸ್ನಾಯು ಇಂದು ಬೆರಳನ್ನು ಆಡಿಸಬೇಕೆಂಬುದನ್ನು ಮಿದುಳಿಗೆ ಹೊಸದಾಗಿ ಕಲಿಸಬೇಕು. ಇಲ್ಲಿ ಅಂಗಮರ್ದನ ಮತ್ತು ವ್ಯಾಯಾಮ ತಜ್ಞರ ಪಾಲು ಶಸ್ತ್ರವೈದ್ಯನಷ್ಟೇ ದೊಡ್ಡದು.

1952ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ಅವರು ಇದೇ ವಿಷಯವಾಗಿ ಹಂಟರ್ ಸ್ಮಾರಕ ಉಪನ್ಯಾಸ ಕೊಟ್ಟರು. 1960ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು. 1966ರಲ್ಲಿ ಅಮೆರಿಕದ ಕಾರ್ವಿಲ್‌ಗೆ ತೆರಳಿದರು, 2003ರಲ್ಲಿ ತೀರಿಕೊಂಡರು.

ಅವರ ಇನ್ನೊಂದು ಶೋಧವನ್ನು ನಮ್ಮ ಊರುಗಳವರು ತಿಳಿಯಲೇಬೇಕು. ಬೆರಳುಗಳು ರೋಗದಿಂದ ಕೊಳೆತು ಉದುರುವುದಿಲ್ಲ. ಒಮ್ಮೆ ತುಕ್ಕು ಹಿಡಿದ ಬೀಗವೊಂದು ಬ್ರ್ಯಾಂಡರ ಕೈಗೆ ತೆರೆಯದಿದ್ದಾಗ ರೋಗಿ ಹುಡುಗನೊಬ್ಬ ಸಲೀಸಾಗಿ ತೆರೆದ. ಅವನ ಬೆರಳು ಎಲುಬು ಕಾಣುವವರೆಗೆ ಕತ್ತರಿಸಿತ್ತು, ಅವನಿಗೆ ಅರಿವೇ ಇರಲಿಲ್ಲ. ನೋವು ತಿಳಿಯದ್ದರಿಂದ ಬಿಸಿ ಪಾತ್ರೆ, ಕುಡುಗೋಲಿನ ಹಿಡಿ, ರಾತ್ರಿ ಕಚ್ಚುವ ಇಲಿ ಒಂದೊಂದಾಗಿ ಕೈಯನ್ನು ತಿಂದುಬಿಡುತ್ತವೆ.

ನಮ್ಮ ತೆಲಂಗಾಣಕ್ಕೂ ಈ ರೋಗದ ಸೇವೆಯ ಹಳೆಯ ನಂಟಿದೆ. ನಿಜಾಮಾಬಾದ್ ಬಳಿಯ ಡಿಚ್‌ಪಲ್ಲಿಯಲ್ಲಿ ಡಾ. ಇಸಬೆಲ್ ಕೆರ್ 1915ರಲ್ಲಿಯೇ ಆಸ್ಪತ್ರೆ ಆರಂಭಿಸಿದ್ದರು. ಇಂದು ಬಹುಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ರೋಗ ಗುಣವಾಗುತ್ತದೆ. ಆದರೂ ಜನ ತೊನ್ನನ್ನು ಕುಷ್ಠವೆಂದೂ ಕುಷ್ಠವನ್ನು ಶಾಪವೆಂದೂ ಬಗೆದು ಮರೆಮಾಚುವುದುಂಟು. ತೊನ್ನಿನ ಮಚ್ಚೆಯಲ್ಲಿ ಸ್ಪರ್ಶ ತಿಳಿಯುತ್ತದೆ; ಕುಷ್ಠದ ಮಚ್ಚೆಯಲ್ಲಿ ಬಹುಮಟ್ಟಿಗೆ ತಿಳಿಯುವುದಿಲ್ಲ. ಕಿರುಬೆರಳು, ಉಂಗುರಬೆರಳು ಜೋಮು ಹಿಡಿದು ಬಲ ಕುಂದಿದರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಆರು ತಿಂಗಳೊಳಗಿನ ದೌರ್ಬಲ್ಯವಾದರೆ ಸ್ಟಿರಾಯ್ಡ್ ಗುಳಿಗೆಗಳಿಂದಲೇ ನರ ಚೇತರಿಸಿಕೊಳ್ಳುವ ಸಾಧ್ಯತೆ ಉಂಟು, ಕತ್ತಿಯ ಅಗತ್ಯವೇ ಬಾರದು.

ಶಸ್ತ್ರಕ್ರಿಯೆ ಚಲನೆಯನ್ನು ಕೊಡುತ್ತದೆ, ಸ್ಪರ್ಶವನ್ನು ಕೊಡಲಾರದು. ಆದ್ದರಿಂದ ವೆಲ್ಲೂರಿನಲ್ಲಿ ಬ್ರ್ಯಾಂಡ್ ತಮ್ಮ ರೋಗಿಗಳಿಗೆ ದಿನವೂ ಹತ್ತು ಬೆರಳನ್ನೂ ಕಣ್ಣಿನಿಂದ ಪರೀಕ್ಷಿಸಿಕೊಳ್ಳಲು ಕಲಿಸಿದರು.