ಕಾಲು ಬಾತಿತೆಂದು ಗುಳಿಗೆ ಬಿಡಬಹುದೆ?

ನಮ್ಮ ಹೋಟೆಲ್ ಬಂಧುಗಳಲ್ಲಿ ನಲ್ವತ್ತು ದಾಟಿದವರ ಟ್ರಂಕನ್ನು ತೆರೆದರೆ, ಊರ ದೇವರ ಪ್ರಸಾದದ ಪೊಟ್ಟಣದ ಪಕ್ಕದಲ್ಲಿ ರಕ್ತದೊತ್ತಡದ ಗುಳಿಗೆಗಳು ಕಾಣಸಿಗುವುದು ಈಗೀಗ ಸಾಮಾನ್ಯವಾಗಿದೆ. ಹೆಚ್ಚಿನವುಗಳ ಮೇಲೆ ಅಮ್ಲೊಡಿಪಿನ್ ಎಂಬ ಹೆಸರಿರುತ್ತದೆ. ವಿಷಾದದ ಸಂಗತಿಯೆಂದರೆ, ಅವುಗಳಲ್ಲಿ ಅರ್ಧದಷ್ಟು ತಿನ್ನದೆ ಉಳಿದಿರುವುದೂ ಅಷ್ಟೇ ಸಾಮಾನ್ಯ.

ನಮಗೆ ಬಹುಕಾಲದಿಂದ ಪರಿಚಿತರಾದ ಓರ್ವ ಅಡಿಗೆ ಭಟ್ಟರಿದ್ದಾರೆ. ಮಾಟುಂಗದ ಆಸುಪಾಸಿನಲ್ಲಿ ಮೂವತ್ತು ವರ್ಷ ಒಲೆಯ ಮುಂದೆ ನಿಂತವರು. ರಕ್ತದೊತ್ತಡ ಏರಿದೆಯೆಂದು ವೈದ್ಯರು ಅವರಿಗೆ ಈ ಗುಳಿಗೆಯನ್ನು ಬರೆದುಕೊಟ್ಟರು. ಎರಡು ತಿಂಗಳಲ್ಲಿ ಒತ್ತಡ ಹತೋಟಿಗೆ ಬಂದಿತು. ಆದರೆ ಸಂಜೆಯಾಗುತ್ತಲೇ ಕಣಕಾಲುಗಳು ಬಾತುಕೊಳ್ಳತೊಡಗಿದವು. ದಿನವಿಡೀ ನಿಲ್ಲುವವರಿಗೆ ಇದು ಇದ್ದದ್ದೇ ಎಂದರು ಕೆಲವರು. ಮೂತ್ರಪಿಂಡವೇ ಕೆಟ್ಟಿರಬೇಕೆಂದು ಹೆದರಿಸಿದರು ಇನ್ನು ಕೆಲವರು. "ಭಟ್ರೇ, ಆ ಗುಳಿಗೆ ಉಷ್ಣ, ಬಿಟ್ಟುಬಿಡಿ" ಎಂದನು ಖೋಲಿಯ ಜೊತೆಗಾರನೊಬ್ಬ. ಭಟ್ಟರು ಬಿಟ್ಟರು. ಕೆಲವು ದಿನಗಳಲ್ಲಿ ಬಾವು ಇಳಿಯಿತು. ತಲೆನೋವಿಲ್ಲ, ತಲೆಸುತ್ತಿಲ್ಲ, ಭಟ್ಟರಿಗೆ ಪರಮ ಸಂತೋಷ. ನಾಲ್ಕನೆಯ ತಿಂಗಳ ಒಂದು ಮುಂಜಾನೆ ಇಡ್ಲಿಯ ಹಿಟ್ಟು ಹೊಯ್ಯುತ್ತಿದ್ದ ಬಲಗೈಯಿಂದ ಸೌಟು ಜಾರಿತು, ಮಾತು ತೊದಲಿತು. ಜೀವವೇನೋ ಉಳಿಯಿತು; ಕೈ ಪೂರ್ತಿಯಾಗಿ ಹಿಂತಿರುಗಲಿಲ್ಲ. ಈಗ ಅವರು ಕುಂದಾಪುರದ ಕಡೆಯ ತಮ್ಮ ಮನೆಯಲ್ಲಿದ್ದು ಎಡಗೈಯಿಂದ ಉಣ್ಣುತ್ತಾರೆ.

ಭಟ್ಟರ ಕಾಲನ್ನು ಬಾಯಿಸಿದ ಗುಳಿಗೆಯೇ ಅವರ ಮೆದುಳನ್ನೂ ಕಾಯುತ್ತಿತ್ತು. ಇದು ಹೇಗೆಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಅದರ ಮಿಡಿತವನ್ನು ಪರೀಕ್ಷಿಸುತ್ತಿದ್ದರು. ಹೃದಯ ಬಹಳ ಹೊತ್ತು ಮಿಡಿಯಿತು. ಆ ಬಳಿಕ ತಿಳಿದುಬಂದುದೇನೆಂದರೆ, ಆ ಉಪ್ಪುನೀರನ್ನು ಭಟ್ಟಿಯಿಳಿಸಿದ ನೀರಿನಲ್ಲಲ್ಲ, ನಳದ ನೀರಿನಲ್ಲಿ ಕಲಸಲಾಗಿತ್ತು! ಭಟ್ಟಿಯಿಳಿಸಿದ ನೀರನ್ನು ಬಳಸಿದಾಗ ಹೃದಯ ಬೇಗನೆ ನಿಂತಿತು. ನಳದ ನೀರಿನಲ್ಲಿದ್ದ ಸುಣ್ಣದ ಅಂಶ, ಎಂದರೆ ಕ್ಯಾಲ್ಸಿಯಂ, ಇಲ್ಲದೆ ಹೃದಯದ ಸ್ನಾಯು ಕುಗ್ಗಲಾರದೆಂಬುದನ್ನು ರಿಂಗರ್ 1883ರಲ್ಲಿ ಪ್ರಕಟಿಸಿದರು. ನಮ್ಮ ರಕ್ತನಾಳಗಳ ಗೋಡೆಯಲ್ಲಿರುವ ಸ್ನಾಯುವಿಗೂ ಇದೇ ನಿಯಮ. ಕ್ಯಾಲ್ಸಿಯಂ ಸೂಕ್ಷ್ಮವಾದ ದ್ವಾರಗಳ ಮೂಲಕ ಒಳನುಗ್ಗಿದಾಗ ನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ. 1960ರ ದಶಕದಲ್ಲಿ ಜರ್ಮನಿಯ ಫ್ರೈಬುರ್ಗಿನ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ಎಂಬ ವಿಜ್ಞಾನಿ, ವೆರಾಪಮಿಲ್ ಮುಂತಾದ ಮದ್ದುಗಳು ಕ್ಯಾಲ್ಸಿಯಂನ ಈ ಕೆಲಸವನ್ನೇ ತಡೆಯುತ್ತವೆಂದು ಕಂಡುಕೊಂಡರು. ನಿಫೆಡಿಪಿನ್, ಡಿಲ್ಟಿಯಾಜೆಮ್, ಅಮ್ಲೊಡಿಪಿನ್ ಇವೆಲ್ಲ ಅದೇ ಬಳಗದವು.

ದ್ವಾರ ಮುಚ್ಚುವುದೆಂದ ಕೂಡಲೆ ಎಲುಬಿನ ಕ್ಯಾಲ್ಸಿಯಂ ಕರಗೀತೆಂದು ಕೆಲವರು ಅಂಜುವುದುಂಟು. ಹಾಗೇನೂ ಇಲ್ಲ, ಹಾಲು ಮೊಸರನ್ನು ಬಿಡಬೇಕಾದುದೂ ಇಲ್ಲ.

ರಕ್ತದೊತ್ತಡದ ಮದ್ದಿನ ಚರಿತ್ರೆಯಲ್ಲಿ ನಮ್ಮ ಮುಂಬಯಿಗೂ ಪಾಲುಂಟೆಂಬುದನ್ನು ಇಲ್ಲಿ ಹೇಳದಿರಲಾರೆವು. ಪರೇಲಿನ ಕೆ. ಇ. ಎಂ. ಆಸ್ಪತ್ರೆಯ ಡಾ. ರುಸ್ತುಂ ಜಾಲ್ ವಕೀಲರು ಸರ್ಪಗಂಧದ ಬೇರಿನಿಂದ ಒತ್ತಡ ಇಳಿಯುವುದನ್ನು ರೋಗಿಗಳಲ್ಲಿ ಪರೀಕ್ಷಿಸಿ, 1949ರಲ್ಲಿ ಬ್ರಿಟನ್ನಿನ ಹೃದಯರೋಗ ಪತ್ರಿಕೆಯಲ್ಲಿ ಬರೆದರು. 1957ರಲ್ಲಿ ಅಮೇರಿಕದ ಲಾಸ್ಕರ್ ಪ್ರಶಸ್ತಿ ಅವರಿಗೆ ಸಂದಿತು. ಆ ಮದ್ದು ಮನಸ್ಸನ್ನು ಕುಗ್ಗಿಸುತ್ತದೆಂಬ ದೂರಿನಿಂದ ಮುಂದೆ ಹಿಂದೆ ಸರಿಯಿತು. ಹೊಸ ಗುಳಿಗೆಗಳಿಗೆ ಅಂಥ ದೊಡ್ಡ ದೋಷವಿಲ್ಲ; ಸಣ್ಣವು ಇವೆ. ಮುಖ ಕೆಂಪೇರುವುದು, ತಲೆನೋವು, ಎದೆ ಹೊಡೆದುಕೊಳ್ಳುವುದು, ವೆರಾಪಮಿಲ್‌ನಿಂದ ಮಲಬದ್ಧತೆ, ಕೆಲವೊಮ್ಮೆ ಒಸಡು ಬೆಳೆಯುವುದು.

ಕಾಲಿನ ಬಾವಾದರೋ ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯವಾದುದು. ಗುಳಿಗೆಯಿಂದ ಸಣ್ಣ ಧಮನಿಗಳು ಸಡಿಲವಾಗುತ್ತವೆ. ರಕ್ತವನ್ನು ಹಿಂದಕ್ಕೊಯ್ಯುವ ಸಿರೆಗಳು ಅಷ್ಟಾಗಿ ಸಡಿಲವಾಗವು. ಆದುದರಿಂದ ನೀರು ಸೋರಿ ಕಣಕಾಲಿನಲ್ಲಿ ನಿಲ್ಲುತ್ತದೆ. ಹನ್ನೆರಡು ತಾಸು ನಿಲ್ಲುವ ಸಪ್ಲಾಯರನಿಗೆ, ಒಲೆಯ ಮುಂದಿನ ಭಟ್ಟರಿಗೆ ಇದು ಹೆಚ್ಚು. ಮೂತ್ರ ಹೋಗಿಸುವ ಗುಳಿಗೆಯಿಂದ ಈ ಬಾವು ಅಷ್ಟಾಗಿ ಇಳಿಯದು. ವೈದ್ಯರು ಪ್ರಮಾಣವನ್ನು ಹತ್ತರಿಂದ ಐದು ಮಿಲಿಗ್ರಾಮಿಗೆ ಇಳಿಸಬಹುದು, ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್‌ನಂಥ ಇನ್ನೊಂದು ಮದ್ದನ್ನು ಜೊತೆಗೂಡಿಸಬಹುದು, ಇಲ್ಲವೆ ಮದ್ದನ್ನೇ ಬದಲಿಸಬಹುದು. ಹೃದಯ, ಮೂತ್ರಪಿಂಡಗಳ ರೋಗದಿಂದಲೂ ಕಾಲು ಬಾಯುವುದುಂಟಾದ ಕಾರಣ ಯಾವುದು ಯಾವುದೆಂದು ನಿರ್ಣಯಿಸಬೇಕಾದವರು ವೈದ್ಯರೇ, ಖೋಲಿಯ ಜೊತೆಗಾರನಲ್ಲ.

ಗುಮಾಸ್ತ ಬಂಧುಗಳ ಕಥೆ ಬೇರೆ. ದಾದರಿನ ಸೇತುವೆಯನ್ನು ಅವಸರದಿಂದ ಏರುವಾಗ ಎದೆ ಹಿಡಿದಂತಾಗಿ, ನಿಂತರೆ ಬಿಡುವ ಆಂಜೈನಾ ನೋವಿಗೂ ಈ ಬಳಗದ ಮದ್ದನ್ನು ಕೊಡುತ್ತಾರೆ. ಹೃದಯದ ನಾಳಗಳು ಸಡಿಲವಾಗಿ, ಅದರ ದುಡಿಮೆಯೂ ಹಗುರವಾಗುತ್ತದೆ. ಆದರೆ ಇದು ನೋವು ಬಾರದಂತೆ ದಿನವೂ ತಿನ್ನತಕ್ಕ ಮದ್ದು. ನೋವು ಬಂದ ಗಳಿಗೆಯಲ್ಲಿ ಅಮ್ಲೊಡಿಪಿನ್ ನುಂಗಿ ಕುಳಿತರೆ ಪ್ರಯೋಜನವಿಲ್ಲ. ಆಗ ವೈದ್ಯರು ಕೊಟ್ಟಿರುವ ನಾಲಗೆಯಡಿಯ ಗುಳಿಗೆ ಬೇಕು, ಅದಕ್ಕೂ ಬಗ್ಗದಿದ್ದರೆ 108ಕ್ಕೆ ಕರೆ ಮಾಡಬೇಕು. ನಿಫೆಡಿಪಿನ್ ಕ್ಯಾಪ್ಸೂಲನ್ನು ಒಡೆದು ನಾಲಗೆಯಡಿ ಹಿಂಡುವ ಪದ್ಧತಿಯೊಂದು ಹಿಂದೆ ಇತ್ತು. ಒತ್ತಡ ಒಮ್ಮೆಲೆ ಕುಸಿದು ಅಪಾಯವಾಗುತ್ತದೆಂದು 1990ರ ದಶಕದಲ್ಲಿ ವೈದ್ಯರು ಅದನ್ನು ನಿಷೇಧಿಸತೊಡಗಿದರು. ಹಳಬರ ಮಾತು ಕೇಳಿ ಈಗ ಯಾರೂ ಹಾಗೆ ಮಾಡತಕ್ಕದ್ದಲ್ಲ. ಒಂದೇ ಖೋಲಿಯಲ್ಲಿರುವವರು ಗುಳಿಗೆಯನ್ನು ಕಡ ಕೊಟ್ಟುಕೊಳ್ಳುವುದೂ ಸಲ್ಲದು. ಅಟೆನೊಲಾಲ್ ತಿನ್ನುವವನು ಇನ್ನೊಬ್ಬನ ವೆರಾಪಮಿಲ್ ನುಂಗಿದರೆ ಹೃದಯದ ಬಡಿತ ಅಪಾಯಕರವಾಗಿ ನಿಧಾನವಾದೀತು.

ಅಮ್ಲೊಡಿಪಿನ್‌ನ ಒಂದು ಗುಣವೇ ನಮ್ಮವರನ್ನು ಮೋಸಗೊಳಿಸುತ್ತದೆ. ರಕ್ತದಲ್ಲಿ ಅದರ ಅಂಶ ಅರ್ಧಕ್ಕಿಳಿಯಲು 30ರಿಂದ 50 ತಾಸು ಬೇಕು. ಒಂದು ದಿನ ತಪ್ಪಿದರೆ ಏನೂ ಆಗದು. ಏನೂ ಆಗಲಿಲ್ಲವೆಂದು ಎರಡು ದಿನ, ಆ ಮೇಲೆ ಊರಿಗೆ ಹೋದ ಒಂದು ತಿಂಗಳು! ಏರಿದ ಒತ್ತಡ ಬಾಗಿಲು ತಟ್ಟಿ ಬರುವ ನೆಂಟನಲ್ಲ. ಊರಿಗೆ ಹೊರಡುವವರು ಟಿಕೆಟಿನೊಡನೆ ಅಷ್ಟು ದಿನದ ಗುಳಿಗೆಯನ್ನೂ ಕಟ್ಟಿಕೊಳ್ಳಲಿ. ಮರೆತದ್ದು ಅದೇ ದಿನ ನೆನಪಾದರೆ ತಿನ್ನಬಹುದು. ಮರುದಿನ ಎರಡೆರಡು ನುಂಗಬಾರದು. ಉಪ್ಪಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆಯೆನ್ನುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಾಂಬಾರುಗಳ ನಡುವೆಯೇ ಬದುಕುವ ನಮಗೆ ಇದು ಕಷ್ಟವೆಂದು ಬಲ್ಲೆವು, ಉಪ್ಪಿನಕಾಯಿಯೊಂದನ್ನಾದರೂ ಕೈಬಿಡಬಹುದಲ್ಲವೆ?

ಹಣದ ಮಾತನ್ನು ಮುಂದೆ ಮಾಡುವವರಿಗೆ ಜನೌಷಧಿ ಅಂಗಡಿಗಳಿವೆ. ಅಲ್ಲಿ ಈ ಗುಳಿಗೆ ಅಗ್ಗವಾಗಿ ಸಿಗುತ್ತದೆ. ಮಹಾನಗರಪಾಲಿಕೆ 2022ರಲ್ಲಿ ಆರಂಭಿಸಿದ 'ಆಪ್ಲಾ ದವಾಖಾನಾ'ಗಳಲ್ಲಿ ಪರೀಕ್ಷೆಯೂ ಮದ್ದೂ ಉಚಿತ. ಹೋಗುವಾಗ ಹಳೆಯ ಚೀಟಿಯನ್ನೂ ತಿನ್ನುತ್ತಿರುವ ಎಲ್ಲ ಗುಳಿಗೆಗಳನ್ನೂ ಒಯ್ಯಬೇಕು. ಕಾಲು ಬಾಯುವವರು ಸಾಧ್ಯವಾದರೆ ಸಂಜೆಯೇ ಹೋಗಲಿ. ರಾತ್ರಿ ಮಲಗಿ ಎದ್ದ ಬೆಳಿಗ್ಗೆ ಬಾವು ಇಳಿದಿರುತ್ತದೆ, ವೈದ್ಯರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.