ನ್ಯಾಯಾಧಿಕಾರಿ ಬಾರದ ಮನೆ: ಪುರಾತನ ಈಜಿಪ್ಟಿನ ಒಂದು ಕೊಲೆಯ ಕಾದಂಬರಿ

ಊರಿನಿಂದ ದೂರವಿದ್ದ ಯಜಮಾನನೊಬ್ಬ ಮನೆಗೆ ಪತ್ರ ಬರೆಸುತ್ತಾನೆ. ಯಾವ ಹೊಲ ಗೇಣಿಗೆ ಹಿಡಿಯಬೇಕು, ಯಾರಿಗೆ ಎಷ್ಟು ಧಾನ್ಯ ಅಳೆದು ಕೊಡಬೇಕು ಎಂಬ ಲೆಕ್ಕವೆಲ್ಲ ಅದರಲ್ಲಿದೆ. ಪಡಿ ಕಡಿಮೆಯಾಯಿತೆಂದು ಗೊಣಗುವವರಿಗೆ ಗದರಿಕೆಯಿದೆ. ಬೇರೆ ಕಡೆ ಮನುಷ್ಯರು ಮನುಷ್ಯರನ್ನೇ ತಿನ್ನತೊಡಗಿದ್ದಾರೆ ಎಂಬ ಅತಿಶಯೋಕ್ತಿಯೂ ಇದೆ. ಸ್ನೆಫ್ರು ಎಂಬ ಹುಡುಗ ಕೇಳಿದ್ದನ್ನೆಲ್ಲ ಕೊಡಿ ಎನ್ನುತ್ತಾನೆ. ನಡುವೆ ದನಿ ಗಡುಸಾಗುತ್ತದೆ. ತಾನು ಮನೆಗೆ ತಂದುಕೊಂಡ ಇಯುತೆನ್‌ಹೆಬ್ ಎಂಬ ಹೆಂಗಸಿಗೆ ಕೇಡು ಮಾಡಿದ ಸೆನೆನ್ ಎಂಬ ದಾಸಿಯನ್ನು ಕೂಡಲೇ ಹೊರಗೆ ಹಾಕಬೇಕು. ಆ ಹೆಂಗಸಿನ ತಂಟೆಗೆ ಹೋದವರು ತನಗೂ ವೈರಿಗಳೇ.

ಈ ಯಜಮಾನನ ಹೆಸರು ಹೆಕನಖ್ತ್. ಕ್ರಿಸ್ತಪೂರ್ವ 2000ದ ಆಸುಪಾಸಿನಲ್ಲಿ ಇಪಿ ಎಂಬ ಮಹಾಮಂತ್ರಿಯ ಸಮಾಧಿಗೆ ನೈವೇದ್ಯ ಸಲ್ಲಿಸುವ ‘ಕಾ’ ಪುರೋಹಿತನಾಗಿದ್ದವನು. ಅವನ ಪಪೈರಸ್ ಪತ್ರಗಳು ಲಕ್ಸರ್ ಎದುರಿನ ದೇರ್ ಎಲ್ ಬಹ್ರಿಯ ಸಮಾಧಿಯೊಂದರಲ್ಲಿ, ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ಪರವಾಗಿ ಹರ್ಬರ್ಟ್ ವಿನ್‌ಲಾಕ್ 1921-22ರಲ್ಲಿ ನಡೆಸಿದ ಉತ್ಖನನದಲ್ಲಿ ದೊರೆತವು. ಹೆರುನೆಫೆರ್ ಎಂಬ ಅಧಿಕಾರಿಗೆ ಬರೆದ ಒಂದು ಪತ್ರವಂತೂ ಮಡಿಸಿ, ದಾರ ಕಟ್ಟಿ, ಮುದ್ರೆಯೊತ್ತಿದ ಸ್ಥಿತಿಯಲ್ಲಿಯೇ ಇತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿದ್ದ ಅಗಾಥಾ ಕ್ರಿಸ್ಟಿಯವರಿಗೆ, ಪುರಾತನ ಈಜಿಪ್ಟಿನಲ್ಲಿ ನಡೆಯುವ ಪತ್ತೇದಾರಿ ಕಥೆಯನ್ನೇಕೆ ಬರೆಯಬಾರದು ಎಂದು ಕೇಳಿದವರು ಈಜಿಪ್ಟ್ ವಿದ್ವಾಂಸ ಸ್ಟೀಫನ್ ಗ್ಲಾನ್‌ವಿಲ್. ಆಕೆ ಹಿಂಜರಿದರು, ಆತ ಬಿಡಲಿಲ್ಲ. ಪುರಾತತ್ತ್ವಜ್ಞ ಮ್ಯಾಕ್ಸ್ ಮ್ಯಾಲೋವನ್ ಅವರ ಪತ್ನಿಯಾದ ಕ್ರಿಸ್ಟಿಯವರಿಗೆ ಉತ್ಖನನದ ಧೂಳು ಹೊಸದಲ್ಲ. ಆದರೆ ಆ ಜನ ಏನು ಉಣ್ಣುತ್ತಿದ್ದರು, ಹೆಂಗಸರೂ ಗಂಡಸರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರೇ ಎಂಬಂಥ ಪ್ರಶ್ನೆಗಳಿಂದ ಪಾಪ ಗ್ಲಾನ್‌ವಿಲ್ಲರನ್ನು ಸಾಕುಸಾಕು ಮಾಡಿದರು. ಹೀಗೆ ಹುಟ್ಟಿದ ‘ಡೆತ್ ಕಮ್ಸ್ ಆಸ್ ದಿ ಎಂಡ್’ 1944ರಲ್ಲಿ ಅಮೆರಿಕದಲ್ಲಿಯೂ ಮರುವರ್ಷ ಇಂಗ್ಲೆಂಡಿನಲ್ಲಿಯೂ ಪ್ರಕಟವಾಯಿತು.

ಕಾದಂಬರಿಯ ಯಜಮಾನ ಇಮ್ಹೋತೆಪ್. ಅವನೂ ‘ಕಾ’ ಪುರೋಹಿತನೇ. ಹಿರಿಮಗ ಯಾಹ್‌ಮೋಸ್ ಸಾಧು, ಎರಡನೆಯವನು ಸೊಬೆಕ್ ಒರಟ, ಕಿರಿಯ ಇಪಿ ಮುದ್ದಿನಿಂದ ಕೆಟ್ಟವನು. ಗಂಡನನ್ನು ಕಳೆದುಕೊಂಡು ಮಗುವಿನೊಡನೆ ತವರಿಗೆ ಮರಳಿದ ಮಗಳು ರೆನಿಸೆನ್ಬ್. ಕಣ್ಣು ಮಂಜಾದರೂ ಬುದ್ಧಿ ಮಂಜಾಗದ ಅಜ್ಜಿ ಎಸಾ. ಈ ಮನೆಗೆ ಇಮ್ಹೋತೆಪ್ ನೊಫ್ರೆತ್ ಎಂಬ ತರುಣಿಯನ್ನು ಉಪಪತ್ನಿಯಾಗಿ ಕರೆತಂದು, ಪುನಃ ಉತ್ತರಕ್ಕೆ ಹೊರಟುಹೋಗುತ್ತಾನೆ. ಅವಳ ದೂರುಗಳು ಪತ್ರವಾಗಿ ಅವನನ್ನು ತಲಪುತ್ತವೆ. ಮಕ್ಕಳನ್ನು ಮನೆಯಿಂದ ಹೊರಹಾಕುವೆನೆಂಬ ಮರುಪತ್ರ ಬರುತ್ತದೆ. ಸ್ವಲ್ಪದರಲ್ಲೇ ಬಂಡೆಯ ಹಾದಿಯ ಕೆಳಗೆ ನೊಫ್ರೆತಳ ಶವ.

ಕೊಲೆಯ ಉದ್ದೇಶವನ್ನು ಹುಡುಕುವವನು ಮೊದಲು ಆಸ್ತಿಯ ಸ್ವರೂಪವನ್ನು ನೋಡಬೇಕು. ಸಮಾಧಿಯ ದತ್ತಿಯೆಂಬುದು ಸತ್ತವನ ಹೆಸರಿನಲ್ಲಿ ನಿಂತ ಜಮೀನು. ಪೂಜೆ ನಡೆಸುವವನು ಅದರ ಫಲವನ್ನು ಉಣ್ಣಬಹುದು, ಮನಬಂದಂತೆ ಹಂಚಿಕೊಳ್ಳುವಂತಿಲ್ಲ. ಒಂದನೆಯ ಸೆನುಸ್ರೆತ್ ದೊರೆಯ ಕಾಲದಲ್ಲಿ ಅಸ್ಯೂತ್ ಪ್ರಾಂತಾಧಿಪತಿ ಜೆಫಾಯ್‌ಹಾಪಿ ತನ್ನ ಸಮಾಧಿಯ ಗೋಡೆಯ ಮೇಲೆ ಹತ್ತು ಕರಾರುಗಳನ್ನು ಕೆತ್ತಿಸಿದ್ದಾನೆ. ತಂದೆಯಿಂದ ಬಂದ ಸ್ವತ್ತು ಯಾವುದು, ಅಧಿಕಾರದಿಂದ ಬಂದದ್ದು ಯಾವುದು ಎಂದು ಅಲ್ಲಿ ಬೇರೆ ಬೇರೆಯಾಗಿ ನಮೂದಿಸಿದೆ. ‘ಕಾ’ ಪುರೋಹಿತನಿಗೆ ಕೊಟ್ಟದ್ದು ಅವನ ಮಕ್ಕಳಲ್ಲಿ ಒಬ್ಬನಿಗೇ ಸಲ್ಲಬೇಕು, ಪಾಲಾಗಕೂಡದು ಎಂಬ ವಿಧಿಯೂ ಇದೆ. ದೇವಸ್ಥಾನದ ಉಂಬಳಿ ಜಮೀನಿನ ವ್ಯಾಜ್ಯ ಕಂಡವರಿಗೆ ಇದರ ತಿರುಳು ಥಟ್ಟನೆ ಹೊಳೆದೀತು. ಪಾಲಾಗದ ಆಸ್ತಿ, ಕೈಬಿಡದ ತಂದೆ, ಬೆಳೆದುನಿಂತ ಮೂವರು ಗಂಡುಮಕ್ಕಳು. ಇದರ ಮೇಲೆ ಹೊಸ ಹೆಂಗಸು. ಮೂಲಪತ್ರದಲ್ಲಿ ಇಯುತೆನ್‌ಹೆಬಳಿಗೆ ಬಳಸಿದ ‘ಹೆಬ್ಸುತ್’ ಎಂಬ ಪದಕ್ಕೆ ಉಪಪತ್ನಿಯೆಂದು ಕೆಲವರು, ಹೊಸ ಹೆಂಡತಿಯೆಂದು ಕೆಲವರು ಅರ್ಥ ಹೇಳುತ್ತಾರೆ. ಉತ್ತರಾಧಿಕಾರದ ದೃಷ್ಟಿಯಿಂದ ಇದು ಬರಿಯ ಶಬ್ದದ ಜಗಳವಲ್ಲ.

ಅಂದಿನ ಈಜಿಪ್ಟಿನಲ್ಲಿ ನ್ಯಾಯವಿಚಾರಣೆ ಇರಲಿಲ್ಲವೆಂದಲ್ಲ; ಮಹಾಮಂತ್ರಿಯೇ ದೊಡ್ಡ ನ್ಯಾಯಾಧಿಕಾರಿ. ಆದರೆ ಕಾದಂಬರಿಯೊಳಗೆ ಅಂಥ ಅಧಿಕಾರಿಗಳು ಕಾಲಿಡುವುದಿಲ್ಲ. ನೊಫ್ರೆತಳದು ಕಾಲುಜಾರಿದ ಸಾವೆಂದು ಮನೆಯವರೇ ತೀರ್ಮಾನಿಸಿಬಿಡುತ್ತಾರೆ. ಮುಂದೆ ದ್ರಾಕ್ಷಾರಸದಲ್ಲಿ ವಿಷ ಬಿದ್ದಾಗ ದನಗಾಹಿ ಹುಡುಗನೊಬ್ಬ ಸಾಕ್ಷಿ ನುಡಿಯುತ್ತಾನೆ: ಜಾಡಿಯ ಬಳಿ ಕಂಡ ಹೆಂಗಸಿನ ಕೊರಳಲ್ಲಿ ನೊಫ್ರೆತಳ ಸರವಿತ್ತು! ಉಡುಗೆ ಒಡವೆಗಳಿಂದ ಆಳನ್ನು ಗುರುತಿಸುವ ಸಾಕ್ಷ್ಯ ಎಷ್ಟು ದುರ್ಬಲವೆಂದು ಯಾವ ಕಿರಿಯ ವಕೀಲನೂ ಬಲ್ಲ. ಪಾಟೀಸವಾಲಿಗೆ ಅವಕಾಶವಿಲ್ಲ, ಹುಡುಗನೇ ಸತ್ತುಹೋಗುತ್ತಾನೆ.

ಕೊನೆಗೆ ಇಮ್ಹೋತೆಪ್ ಅರ್ಜಿ ಬರೆಸುವುದು ಸತ್ತ ಹೆಂಡತಿ ಅಶಾಯೆತಳಿಗೆ. ನೊಫ್ರೆತಳ ಪ್ರೇತವನ್ನು ತಡೆಯಬೇಕೆಂಬುದು ಅದರ ಪ್ರಾರ್ಥನೆ. ಇದು ಲೇಖಕಿಯ ಕಲ್ಪನೆಯಲ್ಲ. ಸತ್ತವರಿಗೆ ಬರೆದ ಇಂಥ ಪತ್ರಗಳನ್ನು ಗಾರ್ಡಿನರ್ ಮತ್ತು ಸೇಥೆ 1928ರಲ್ಲಿಯೇ ಪ್ರಕಟಿಸಿದ್ದರು. ಕೆಲವನ್ನು ನೈವೇದ್ಯದ ಬಟ್ಟಲಿನ ಮೇಲೆಯೇ ಬರೆದಿದೆ. ತಮಗಾದ ಅನ್ಯಾಯವನ್ನು ನಿವೇದಿಸಿ, ಪರಲೋಕದಲ್ಲಿ ತಮ್ಮ ಪರ ವ್ಯಾಜ್ಯ ಹೂಡುವಂತೆ ಬಂಧುಗಳನ್ನು ಬೇಡುವ ಬರಹಗಳವು. ಕಾದಂಬರಿಯಲ್ಲಿ ಈ ಪ್ರಸಂಗ ತುಸು ನಗೆ ತರಿಸಿದರೂ ಹೆದರಿದ ಮುದುಕನ ಚಿತ್ರ ಮರೆಯುವಂಥದ್ದಲ್ಲ.

ದೋಷಗಳೂ ಇಲ್ಲದಿಲ್ಲ. ಸಾವುಗಳು ಒಂದರ ಮೇಲೊಂದು ಬಿದ್ದು, ಕೊನೆಕೊನೆಗೆ ಬದುಕುಳಿದವರನ್ನು ಎಣಿಸಿಯೇ ಅಪರಾಧಿಯನ್ನು ಊಹಿಸಬಹುದೆಂಬ ಸ್ಥಿತಿ ಬರುತ್ತದೆ. ಪಾತ್ರಗಳ ಮಾತಿನಲ್ಲಿ ನೈಲ್ ನದಿಗಿಂತ ಥೇಮ್ಸ್ ಹೆಚ್ಚು. ಆದರೂ ಅಜ್ಜಿ ಎಸಾ ಮತ್ತು ಕರಣಿಕ ಹೋರಿ ಕೂತು, ಮನೆಯ ಒಬ್ಬೊಬ್ಬರ ಸ್ವಭಾವವನ್ನೂ ತೂಗಿ ನೋಡುವ ಪುಟಗಳು ಯಾವ ಪೊಯ್ರೊ ವಿಚಾರಣೆಗೂ ಕಡಿಮೆಯಲ್ಲ.

ಕಾದಂಬರಿಯ ಅಂತ್ಯವನ್ನು ಕ್ರಿಸ್ಟಿ ಮೊದಲು ಬೇರೆ ರೀತಿ ಯೋಚಿಸಿದ್ದರು. ಗ್ಲಾನ್‌ವಿಲ್ ವಾದಿಸಿ ಅದನ್ನು ಬದಲಾಯಿಸಿದರು. ಅವರ ಮಾತಿಗೆ ಒಪ್ಪಿದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟೆಂದು ಆಕೆ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಪುಸ್ತಕದ ಅರ್ಪಣೆ ಮಾತ್ರ ಗ್ಲಾನ್‌ವಿಲ್ ಅವರಿಗೇ.